ಇರುಳಿನಲ್ಲಿ ಹಾದುಹೋಗುವ ನೀರುಹಕ್ಕಿಗಳು



ಸುಲಿಯುವ ಯಂತ್ರ ಬಂದ ಮೇಲೂ ಅಡಿಕೆ ಬೇಯಿಸುವ ಒಲೆಯ ಮುಂದೆ ರಾತ್ರಿ ಕೂರುವುದು ನಮಗೆ ತಪ್ಪಿಲ್ಲ. ಆಗ ತಲೆಯ ಮೇಲೆ ಎಲ್ಲೋ ಹಕ್ಕಿಯ ಕೂಗು ಕೇಳಿ ಮರೆಯಾಗುತ್ತದೆ. ಅಪಶಕುನವೆಂದು ಹೆದರುವವರೂ ಉಂಟು. ಅದು ಶಕುನವಲ್ಲ, ಪ್ರಯಾಣದ ಸದ್ದು.

ಹಕ್ಕಿಗಳು ರಾತ್ರಿಯೇ ಏಕೆ ಹೊರಡುತ್ತವೆ? ಇರುಳಿನ ಗಾಳಿ ತಂಪು, ಹೆಚ್ಚು ಶಾಂತ. ಗಿಡುಗನ ಭಯ ಕಡಿಮೆ. ಹಗಲು ಮೇಯಲು ಬಿಡುವು ಸಿಗುತ್ತದೆ. ಕತ್ತಲಲ್ಲಿ ಗುಂಪು ಚದುರದಿರಲು ಅವು ಪರಸ್ಪರ ಕೂಗಿಕೊಳ್ಳುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟುವುದು ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವದಲ್ಲೇ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ಹಾರಲು ಅನುಕೂಲ. ಈ ಹಕ್ಕಿಗಳೇ ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರು ಸೀಮೆಯ ಹದಿನಾರು ಕೆರೆಗೆ ಬಂದಿಳಿಯುತ್ತವೆ.

ಕೇಳುವ ಕ್ರಮ: ಪಂಪು ನಿಂತ ಮೇಲೆ, ಹಳ್ಳದ ಸದ್ದಿನಿಂದ ದೂರ, ತೆರೆದ ಕಣದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿರಿ. ಅಂಗೈಯನ್ನು ಕಿವಿಯ ಹಿಂದೆ ಹಿಡಿಯಿರಿ. ಕೂಗು ಒಂದು ದಿಕ್ಕಿನಲ್ಲಿ ಹುಟ್ಟಿ ಇನ್ನೊಂದು ದಿಕ್ಕಿನಲ್ಲಿ ಅಡಗಿದರೆ ಅದು ಹಾದುಹೋಗುವ ಹಕ್ಕಿ. ದಿನವೂ ಅಲ್ಲೇ ಸುತ್ತಾಡಿದರೆ ಬಹುಮಟ್ಟಿಗೆ ಊರಿನದೇ.

ಊರಿನ ಹಕ್ಕಿಗಳನ್ನು ಮೊದಲು ಕಲಿಯಬೇಕು. ಗದ್ದೆಯಲ್ಲಿ ಅವಸರದಿಂದ ಕಿರುಚುವುದು ಟಿಟ್ಟಿಭ. ‘ಕ್ವಾಕ್’ ಎಂದು ಒಂದೇ ಬಾರಿ ಒರಟಾಗಿ ಕೂಗುವುದು ಇರುಳು ಬಕ. ಹಾರುತ್ತಲೇ ಸಿಳ್ಳೆ ಹಾಕುವುದು ಸಿಳ್ಳೆ ಬಾತು. ಇವಲ್ಲದೆ ‘ಟೀ-ವೀ-ವೀ’ ಎಂಬ ತೆಳುವಾದ ಕೂಗು ಕೇಳಿದರೆ, ಹಗಲಿನಲ್ಲಿ ಹಳ್ಳದ ಬಂಡೆಯ ಮೇಲೆ ಬಾಲ ಕುಣಿಸುವ ಗದ್ದೆಗೊರವ ಇರಬಹುದು. ಅದು ಚಳಿಗಾಲದ ಅತಿಥಿ. ಬಯಲುಸೀಮೆಯ ಸದಸ್ಯರಿಗೆ ‘ಆಂಗ್, ಆಂಗ್’ ಎಂಬ ಹೆಬ್ಬಾತಿನ ಮೂಗುದನಿಯೂ ಕೇಳೀತು.

ನಮ್ಮಿಂದ ಆಗಬೇಕಾದ ಕೆಲಸವೂ ಇದೆ. ಮೋಡ, ಮಂಜಿನ ರಾತ್ರಿ ಪ್ರಖರ ದೀಪ ಪ್ರಯಾಣದ ಹಕ್ಕಿಗಳನ್ನು ಸೆಳೆಯುತ್ತದೆ. ಅವು ಅದನ್ನೇ ಸುತ್ತಿ ಬಳಲುತ್ತವೆ, ಡಿಕ್ಕಿ ಹೊಡೆದು ಸಾಯುವುದೂ ಉಂಟು. ಕೆಲಸ ಮುಗಿದೊಡನೆ ಕಣದ ದೀಪ ಆರಿಸಿರಿ. ಕಾವಲಿಗೆ ಬೇಕಾದ ದೀಪಕ್ಕೆ ಮೇಲುಮುಚ್ಚಳ ಹಾಕಿ ಬೆಳಕು ನೆಲಕ್ಕೆ ಬೀಳುವಂತೆ ಮಾಡಿರಿ. ಕೆರೆಗಿಳಿದ ಬಾತಿಗೆ ಕೋವಿ ಎತ್ತುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ.

ತೋಟದ ಮಳೆ ಲೆಕ್ಕವನ್ನು ನಾವು ದಿನವೂ ಬರೆಯುತ್ತೇವಷ್ಟೆ. ಅದೇ ಪುಸ್ತಕದಲ್ಲಿ ಕೂಗು ಕೇಳಿದ ತಾರೀಖು, ಗಂಟೆ, ದಿಕ್ಕು ಎಂದು ಇನ್ನೊಂದು ಸಾಲು ಬರೆದಿಡೋಣ. ಹತ್ತು ವರ್ಷ ಬರೆದರೆ, ಬರುತ್ತಿದ್ದ ಹಕ್ಕಿ ಬಾರದೆ ಹೋದದ್ದು ನಮಗೆ ತಿಳಿಯುತ್ತದೆ. ಬರೆಯದಿದ್ದರೆ ಅದು ಬಾರದಿದ್ದುದೂ ಗೊತ್ತಾಗದು.