ಮಾತು ತೊಡರುವವರಿಗೂ ಮದ್ದುಂಟು



ಭಾನುವಾರದ ಬಲಿಪೂಜೆಗೆ ತಡವಾಗಿ ಬಂದು, ಬಾಗಿಲ ಬಳಿಯೇ ನಿಂತು, ಕಡೆಯ ಆಶೀರ್ವಾದಕ್ಕೆ ಮುನ್ನವೇ ಹೊರಟುಹೋಗುವವರು ನಮ್ಮ ನಡುವೆ ಇದ್ದಾರೆ. ಅವರೆಲ್ಲರೂ ಭಕ್ತಿಯಿಲ್ಲದವರಲ್ಲ. ಪಕ್ಕದವರಿಗೆ ಶಾಂತಿಯನ್ನು ಕೋರುವ ಆ ಒಂದು ನಿಮಿಷವೇ ಕೆಲವರಿಗೆ ಬೆಟ್ಟದಷ್ಟು ಭಾರ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಯಾರಾದರೂ ಮಾತನಾಡಿಸಿಯಾರೆಂಬ ಭಯ. ನಾವೋ, ‘ಜಂಬದವನು’, ‘ಯಾರೊಡನೆಯೂ ಬೆರೆಯದವಳು’ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

ನಾಚಿಕೆ ರೋಗವಲ್ಲ, ಮಿತಭಾಷಿಯಾಗಿರುವುದು ಪಾಪವೂ ಅಲ್ಲ. ಆದರೆ ಜನರು ತನ್ನನ್ನು ಅಳೆಯುತ್ತಿದ್ದಾರೆ, ತಾನು ನಗೆಪಾಟಲಾಗುವೆನೆಂಬ ಭಯದಿಂದ ಒಬ್ಬರು ತಿಂಗಳುಗಟ್ಟಲೆ ಕಾಲೇಜು, ಕೆಲಸ, ಮದುವೆಮನೆ, ದೇವಾಲಯಗಳಿಂದ ದೂರವಾಗತೊಡಗಿದರೆ ಅದಕ್ಕೆ ಚಿಕಿತ್ಸೆ ಬೇಕು. ವೈದ್ಯರು ಇದನ್ನು ಸಾಮಾಜಿಕ ಆತಂಕ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಇದು ಹೆಚ್ಚಾಗಿ ಹದಿಹರೆಯದಲ್ಲೇ ತಲೆದೋರುತ್ತದೆ. ಹಾಗೆಯೇ ಬಿಟ್ಟರೆ ವರ್ಷಗಟ್ಟಲೆ ಉಳಿಯಬಹುದು. ನಾಲಿಗೆ ಸಡಿಲವಾಗಲೆಂದು ಕುಡಿತಕ್ಕೆ ಬೀಳುವವರುಂಟು. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂದು ಇನ್ನೊಂದು ಜೀವವನ್ನೂ ಆ ಮೌನಕ್ಕೆ ಕಟ್ಟಿಹಾಕುವ ಮನೆಗಳೂ ಉಂಟು.

ಚಿಕಿತ್ಸೆಯಲ್ಲಿ ನಡೆಯುವುದೇನು? ಮುಖ್ಯವಾಗಿ ಮೂರು ಕೆಲಸಗಳು.

ಮೊದಲನೆಯದು, ಗಮನವನ್ನು ತಿರುಗಿಸುವುದು. ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದಂತೆ, ಭಯಪಡುವವನ ಗಮನವೆಲ್ಲ ತನ್ನ ಮೇಲೆಯೇ ಇರುತ್ತದೆ. ಸ್ವರ ನಡುಗಿತೇ, ಮುಖ ಕೆಂಪಾಯಿತೇ ಎಂದು ನೋಡಿಕೊಳ್ಳುವುದರಲ್ಲೇ ಎದುರಿನವರ ಮಾತು ತಪ್ಪಿಹೋಗುತ್ತದೆ. ಎದುರಿನವರತ್ತ ಗಮನ ಕೊಡುವುದನ್ನು ಅವನಿಗೆ ಕಲಿಸಲಾಗುತ್ತದೆ.

ಎರಡನೆಯದು, ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. ಅಂಜಿಕೆಯ ಸಂದರ್ಭಗಳನ್ನು ಸುಲಭದಿಂದ ಕಠಿಣದವರೆಗೆ ಪಟ್ಟಿ ಮಾಡುತ್ತಾರೆ. ಮೊದಲು ಅಂಗಡಿಯಲ್ಲಿ ಬೆಲೆ ಕೇಳುವುದು. ಆಮೇಲೆ ನೆರೆಯವರ ಯೋಗಕ್ಷೇಮ ವಿಚಾರಿಸುವುದು. ಮುಂದೆ ಯುವಜನರ ಸಭೆಯಲ್ಲಿ ಒಂದು ಮಾತು ಆಡುವುದು. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಭಯಕ್ಕೆ ಹಾಕುವ ಗೊಬ್ಬರ. ಅಲ್ಲಿಯೇ ನಿಂತರೆ, ತಾನು ಅಂಜಿದ್ದು ನಡೆಯಲಿಲ್ಲವೆಂದು ಮನಸ್ಸು ಕಲಿಯುತ್ತದೆ.

ಮೂರನೆಯದು, ಮಾತುಕತೆಯ ಅಭ್ಯಾಸ. ಮುಖ ನೋಡಿ ಮಾತನಾಡುವುದು, ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವುದು, ಕೋಪವಿಲ್ಲದೆ ‘ಆಗುವುದಿಲ್ಲ’ ಎನ್ನುವುದು, ಕ್ಷಮೆ ಕೇಳುವುದು – ಇವೆಲ್ಲ ಕಲಿತರೆ ಬರುವ ವಿದ್ಯೆಗಳು. ಚಿಕಿತ್ಸಕರು ಮೊದಲು ಮಾಡಿ ತೋರಿಸುತ್ತಾರೆ. ನಂತರ ಮಾಡಿಸುತ್ತಾರೆ, ತಿದ್ದುತ್ತಾರೆ, ಮನೆಯಲ್ಲಿ ಪ್ರಯತ್ನಿಸಲು ಹೇಳುತ್ತಾರೆ. ಮಾತುಮಾತಿಗೂ ಜಗಳವಾಡುವ ದಂಪತಿಗಳಿಗೂ ಇದು ಉಪಯುಕ್ತ.

ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 16 ಭೇಟಿಗಳು ಬೇಕಾಗುತ್ತವೆ. ಕೆಲವರಿಗೆ ಔಷಧಿಯೂ ಬೇಕಾದೀತು. ಅದನ್ನು ತೀರ್ಮಾನಿಸುವವರು ವೈದ್ಯರು.

ಹಾಗಾದರೆ ಪ್ರಾರ್ಥನೆ ಸಾಲದೇ? ಪ್ರಾರ್ಥನೆ ಬೇಕೇ ಬೇಕು. ಆದರೆ ಈ ಭಯವು ಪಾಪನಿವೇದನೆಯಲ್ಲಿ ಹೇಳಬೇಕಾದ ಪಾಪವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ತನ್ನ ನಾಲಿಗೆ ಮಂದವೆಂದು ಹಿಂಜರಿದ ಮೋಶೆಯನ್ನು ದೇವರು ಕೈಬಿಡಲಿಲ್ಲ. ಅಣ್ಣನಾದ ಆರೋನನನ್ನು ಜೊತೆಗೆ ಕೊಟ್ಟರು (ವಿಮೋಚನಾಕಾಂಡ 4). ಕಿವುಡನೂ ತೊದಲನೂ ಆಗಿದ್ದವನನ್ನು ಯೇಸುಸ್ವಾಮಿ ಜನರ ಮುಂದೆ ನಿಲ್ಲಿಸಲಿಲ್ಲ; ಗುಂಪಿನಿಂದ ಆಚೆಗೆ ಕರೆದೊಯ್ದು ಗುಣಪಡಿಸಿದರು (ಮಾರ್ಕ 7). ಚಿಕಿತ್ಸೆಯ ಕೋಣೆಯೂ ಅಂಥದೇ ಏಕಾಂತದ ಸ್ಥಳವಾಗಬಲ್ಲದು. ಜನರ ಆತ್ಮಪಾಲನೆಯಲ್ಲಿ ಮನಶ್ಶಾಸ್ತ್ರದ ತಿಳುವಳಿಕೆಯನ್ನೂ ಬಳಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಬೋಧಿಸಿದೆ.

ನೆರವು ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸುತ್ತದೆ.

ಮನೆಯವರೇ, ಅವರ ಪರವಾಗಿ ನೀವೇ ಉತ್ತರ ಹೇಳಬೇಡಿ. ತಮ್ಮನಿಗೋ ತಂಗಿಗೋ ಹೋಲಿಸಬೇಡಿ. ಧೈರ್ಯ ಬರಲೆಂದು ಒಮ್ಮೆಲೇ ವೇದಿಕೆಗೆ ತಳ್ಳಬೇಡಿ. ಧರ್ಮಕೇಂದ್ರದ ಬಂಧುಗಳೇ, ಬಾಗಿಲ ಬಳಿ ನಿಂತವರಿಗೆ ಮೊದಲು ಒಂದು ಮುಗುಳ್ನಗೆ ಸಾಕು. ಮುಂದಿನ ವಾರ ಹೆಸರು ಹಿಡಿದು ಕರೆಯಿರಿ. ಆಮೇಲೆ ಇನ್ನೊಬ್ಬರ ಜೊತೆಯಲ್ಲಿ ಹಾಡಿನ ಪುಸ್ತಕ ಹಂಚುವಂಥ ಚಿಕ್ಕ ಕೆಲಸವೊಂದನ್ನು ಕೊಡಿ. ಆರೋನನಾಗಲು ದೊಡ್ಡ ವಿದ್ಯೆ ಬೇಕಿಲ್ಲ. ಜೊತೆಗೆ ನಡೆಯುವ ತಾಳ್ಮೆ ಬೇಕು.

ಈ ವಾರ ಮನೆಯಲ್ಲಿ ಜಪಸರದ ನಂತರ ಕೂಡಿ ಚಿಂತಿಸಿ:

1. ನಮ್ಮ ಮನೆಯಲ್ಲಿ ಮಾತು ಕಡಿಮೆಯಾದವರು ಯಾರು? ಅವರ ಮಾತು ಮುಗಿಯುವವರೆಗೆ ನಾವು ಕಾಯುತ್ತೇವೆಯೇ?

2. ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದ ಯಾರನ್ನಾದರೂ ನಾವು ‘ಜಂಬದವರು’ ಎಂದು ತೀರ್ಪಿಟ್ಟಿದ್ದೇವೆಯೇ?