ಬಿದಿರಿನ ಬೇಸಾಯ

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳನ್ನು ಹಾದು ಹಳೇಬೀಡು, ಬೇಲೂರುಗಳತ್ತ ಸಾಗುವವರು ಒಂದೇ ಹಾಸನ ಜಿಲ್ಲೆಯಲ್ಲಿ ಎರಡು ಬಗೆಯ ನೆಲವನ್ನು ಕಾಣುತ್ತಾರೆ. ಅರಸೀಕೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೭೦೦ ಮಿಲಿಮೀಟರು. ಮಲೆನಾಡಿನ ಅಂಚಿನ ಬೇಲೂರಿನಲ್ಲಿ ಸುಮಾರು ೧೦೦೦. ಬರದ ವರ್ಷಗಳಲ್ಲಿ ಕೊಳವೆಬಾವಿ ಬತ್ತಿ ತೆಂಗಿನ ತೋಟ ಒಣಗಿದುದನ್ನು ಕಂಡ ಅರಸೀಕೆರೆಯ ರೈತನು, ತೆಂಗಿನ ಬದಲು ಬಿದಿರನ್ನು ಬೆಳೆಯಬಹುದೇ ಎಂದು ಕೇಳುವುದು ಸಹಜ. ಉತ್ತರ ಹೇಳುವ ಮುನ್ನ ಬಿದಿರಿನ ಸ್ವಭಾವವನ್ನು ಅರಿಯಬೇಕು.

ಬಿದಿರು ಮರವಲ್ಲ, ಭತ್ತ, ರಾಗಿ, ಕಬ್ಬುಗಳ ಕುಲಕ್ಕೆ ಸೇರಿದ ಹುಲ್ಲು. ಮರದ ಕಾಂಡ ವರ್ಷವರ್ಷವೂ ದಪ್ಪವಾಗುತ್ತದೆ. ಕಳಲೆಯಾದರೋ ತನ್ನ ಪೂರ್ಣ ದಪ್ಪದೊಡನೆಯೇ ನೆಲದಿಂದೇಳುತ್ತದೆ. ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಅದಕ್ಕೆ ಬೇಕಾದ ಆಹಾರವನ್ನು ನೆಲದೊಳಗಿನ ಕಾಂಡದ ಮೂಲಕ ಒದಗಿಸುವುವು ಹಳೆಯ ಗಳುಗಳೇ. ಗಳು ಬಲಿಯಲು ಸುಮಾರು ಮೂರು ವರ್ಷ ಬೇಕು. ಆದುದರಿಂದ ಬಲಿತವುಗಳನ್ನು ಮಾತ್ರ ಆರಿಸಿ ಕಡಿಯತಕ್ಕದ್ದು. ಇಡೀ ಮೆಳೆಯನ್ನು ಸವರಿದರೆ ಮುಂದಿನ ಕಳಲೆಗಳು ಸಣಕಲಾಗುತ್ತವೆ.

ಗಳುವಿನ ಟೊಳ್ಳು ದೋಷವಲ್ಲ, ಗುಣ. ಗೋಡೆಯ ದಪ್ಪ ತ್ರಿಜ್ಯದ ಐದನೆಯ ಒಂದು ಭಾಗವಿರುವ ಕೊಳವೆಯೊಂದನ್ನು ಭಾವಿಸಿರಿ. ಅಷ್ಟೇ ದ್ರವ್ಯದಿಂದ, ಅಷ್ಟೇ ಉದ್ದದ ಗಟ್ಟಿ ಸರಳನ್ನು ಮಾಡಿದರೆ, ಬಾಗುವಿಕೆಯನ್ನು ಅದಕ್ಕಿಂತ ಈ ಕೊಳವೆ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿ ತಡೆಯುತ್ತದೆ. ಗೆಣ್ಣುಗಳಲ್ಲಿರುವ ಅಡ್ಡಗೋಡೆಗಳು ಕೊಳವೆ ಚಪ್ಪಟೆಯಾಗದಂತೆ ಕಾಯುತ್ತವೆ. ಏಣಿಗೂ ಸಾರುವೆಗೂ ಬಿದಿರು ಒದಗುವುದು ಇದರಿಂದಲೇ.

ಬಿದಿರಿನ ಜಡೆಬೇರುಗಳು ಮೇಲ್ಮಣ್ಣನ್ನು ಹಿಡಿದಿಡುತ್ತವೆ. ಹಳ್ಳದ ದಡಗಳಲ್ಲಿ ನೆಟ್ಟರೆ ಕೊರೆತ ತಗ್ಗಿ, ಕೆರೆಗೆ ಸೇರುವ ಹೂಳು ಕಡಮೆಯಾಗುತ್ತದೆ. ಒಣಗಿದ ಗಳುವಿನ ತೂಕದಲ್ಲಿ ಹೆಚ್ಚುಕಡಮೆ ಅರ್ಧ ಭಾಗ ಗಾಳಿಯಿಂದ ಪಡೆದ ಇಂಗಾಲ. ಆದರೆ ಬಿದಿರು ಉಳಿದ ಗಿಡಗಳಿಗಿಂತ ಅಪಾರ ಆಮ್ಲಜನಕವನ್ನು ಕೊಡುತ್ತದೆಂಬ ಪ್ರಚಾರವನ್ನು ವಿಮರ್ಶಿಸದೆ ನಂಬಬಾರದು. ಗಳುವನ್ನು ಸುಟ್ಟರೆ ಅಷ್ಟೂ ಇಂಗಾಲ ಗಾಳಿಗೆ ಮರಳುತ್ತದೆ, ಬಿಟ್ಟ ಆಮ್ಲಜನಕವೂ ವ್ಯಯವಾಗುತ್ತದೆ. ತೊಲೆಯಾಗಿಯೋ ಪೀಠೋಪಕರಣವಾಗಿಯೋ ಬಹುಕಾಲ ಉಳಿದರೆ ಮಾತ್ರ ಲಾಭ.

ಇನ್ನು ಆದಾಯದ ಮಾತು. ೧೯೨೭ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರವೆಂದು ಎಣಿಸಿತ್ತು. ೨೦೧೭ರ ತಿದ್ದುಪಡಿಯಿಂದ ಅರಣ್ಯವಲ್ಲದ ಭೂಮಿಯ ಬಿದಿರು ಆ ವ್ಯಾಖ್ಯೆಯಿಂದ ಹೊರಗುಳಿಯಿತು. ಐದೈದು ಮೀಟರು ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ೧೬೦ ಮೆಳೆಗಳಾಗುತ್ತವೆ. ಮೊದಲ ಕಟಾವಿಗೆ ನಾಲ್ಕೈದು ವರ್ಷ ಕಾಯಬೇಕು. ಮೊದಮೊದಲು ನಡುವೆ ಹುರುಳಿ, ಅಲಸಂದೆಗಳನ್ನು ಬೆಳೆದುಕೊಳ್ಳಬಹುದು. ಮೊರ, ಬುಟ್ಟಿ ಹೆಣೆಯುವ ಮೇದರಿಗೂ, ಟೊಮ್ಯಾಟೊ, ಬಾಳೆಗಳಿಗೆ ಊರುಗೋಲು ಬೇಕಾದ ರೈತರಿಗೂ ಗಳು ಅವಶ್ಯ. ಆದರೂ ಕೊಳ್ಳುವವರು ಯಾರೆಂದು ತಿಳಿದ ಮೇಲೆಯೇ ಸಸಿ ನೆಡುವುದು ವಿವೇಕ.

ಜಾತಿಯ ಆಯ್ಕೆ ಮಳೆಯನ್ನು ಅನುಸರಿಸಬೇಕು. ಅರಸೀಕೆರೆಯಂತಹ ಒಣನೆಲಕ್ಕೆ ಕಿರುಬಿದಿರು ತಕ್ಕುದು. ಅಲ್ಲಿ ಅದರ ಗಳು ಬಹುಮಟ್ಟಿಗೆ ಗಟ್ಟಿಯಾಗಿಯೇ ಬೆಳೆಯುತ್ತದೆ. ಹೆಬ್ಬಿದಿರಿಗೆ ಬೇಲೂರಿನ ಕಡೆಯ ತೇವವುಳ್ಳ ತಗ್ಗುಗಳು ಒಪ್ಪುತ್ತವೆ. ಆದರೆ ಬಿದಿರು ಆನೆಗೆ ಪ್ರಿಯವಾದ ಮೇವು; ಕಾಡಾನೆಗಳು ತಿರುಗಾಡುವ ಬೇಲೂರಿನ ತೋಟಗಳಲ್ಲಿ ಇದನ್ನು ಮರೆಯುವಂತಿಲ್ಲ. ಮತ್ತೊಂದು ಎಚ್ಚರಿಕೆ: ಈ ಜಾತಿಗಳು ಹಲವು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಸಾಯುತ್ತವೆ. ಮುದಿಮೆಳೆಯಿಂದ ಕಿತ್ತು ತಂದ ಗಡ್ಡೆ ತಾಯಿಯ ವಯಸ್ಸನ್ನೇ ಹೊತ್ತು ಬರುತ್ತದೆ. ಆದುದರಿಂದ ಸಸಿಯ ಮೂಲವನ್ನು ವಿಚಾರಿಸಿಯೇ ಕೊಳ್ಳಬೇಕು.

ಹೀಗಿರಲಾಗಿ, ನೀರಿರುವ ತೆಂಗಿನ ತೋಟವನ್ನು ಕಡಿದು ಬಿದಿರು ನೆಡುವುದು ಸಲ್ಲದು. ಬಿದಿರಿನ ಸ್ಥಾನ ಬೀಳು ನೆಲ, ಹಳ್ಳದ ದಡ, ಬೆಳೆಗಳಿಗೆ ನೆರಳು ಬೀಳದ ಹೊಲದ ಅಂಚು. ಅಲ್ಲಿ ಹತ್ತಿಪ್ಪತ್ತು ಮೆಳೆಗಳಿಂದ ಆರಂಭಿಸಿ ಕಡಿಯುವ ಕ್ರಮವನ್ನು ಕಲಿತವನಿಗೆ, ಬರದ ವರ್ಷದಲ್ಲಿಯೂ ಮಾರಲು ಕೆಲವು ಗಳುಗಳಾದರೂ ಇರುತ್ತವೆ.