ಬೀಜ ಲ್ಯಾಟೆಕ್ಸ್‌ನಿಂದ ಸಂಯುಕ್ತ ಕಣ: ವೇಗದ ಲೆಕ್ಕ

ಬೇಲೂರು ತಾಲ್ಲೂಕಿನ ಬಿಕ್ಕೋಡಿನಂಥ ಮಳೆಯ ಊರುಗಳಲ್ಲಿ ಹೊರಗೋಡೆಗೆ ಬಳಿಯುವ ಎಮಲ್ಷನ್ ಪೇಂಟಿನಲ್ಲಿ ಬಣ್ಣವನ್ನು ಗೋಡೆಗೆ ಹಿಡಿದಿಡುವುದು ಹೆಚ್ಚಾಗಿ ಅಕ್ರಿಲಿಕ್ ಲ್ಯಾಟೆಕ್ಸ್. ಅಂದರೆ ನೀರಿನಲ್ಲಿ ಹರಡಿಕೊಂಡ ನ್ಯಾನೊಮೀಟರ್ ಗಾತ್ರದ ಪಾಲಿಮರ್ ಕಣಗಳು.

ಈ ಕಣಗಳನ್ನು ತಯಾರಿಸುವ ಎಮಲ್ಷನ್ ಪಾಲಿಮರೀಕರಣಕ್ಕೆ ಮೂರು ಹಂತ: ಕಣಗಳ ಹುಟ್ಟು, ಬೆಳವಣಿಗೆ, ಮಾನೋಮರ್ ಹನಿಗಳು ತೀರಿದ ನಂತರದ ಅಂತಿಮ ಘಟ್ಟ. ತಲೆನೋವು ಮೊದಲನೆಯದೇ, ಅಲ್ಲಿ ಕಣಗಳ ಸಂಖ್ಯೆ ಹತೋಟಿಗೆ ಸಿಗುವುದಿಲ್ಲ. ಮೊದಲೇ ತಯಾರಿಸಿದ ಬೀಜ ಲ್ಯಾಟೆಕ್ಸ್ ಸೇರಿಸಿದರೆ ಆ ಹಂತವೇ ತಪ್ಪುತ್ತದೆ.

ಸ್ಮಿತ್–ಈವರ್ಟ್ ಸಿದ್ಧಾಂತ (1948): ಕ್ರಿಯೆಯ ವೇಗವು ಕಣಗಳ ಸಂಖ್ಯೆ, ಕಣದೊಳಗಿನ ಮಾನೋಮರ್ ಸಾಂದ್ರತೆ, ಪ್ರತಿ ಕಣದ ಸರಾಸರಿ ರ್‍ಯಾಡಿಕಲ್ ಸಂಖ್ಯೆ, ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಈ ಸಿದ್ಧಾಂತ ‘ಎರಡನೇ ಪ್ರಕರಣ’ ಎಂದು ಕರೆಯುವ ಸ್ಥಿತಿಯಲ್ಲಿ ಆ ಸರಾಸರಿ 0.5. ಕಾರಣ ಗಟ್ಟಿ ಮಾಡಿಕೊಳ್ಳಿ: ಒಂದು ರ್‍ಯಾಡಿಕಲ್ ಇರುವ ಪುಟ್ಟ ಕಣಕ್ಕೆ ಇನ್ನೊಂದು ಹೊಕ್ಕರೆ ಎರಡೂ ತಕ್ಷಣ ಅಳಿಯುತ್ತವೆ. ಹಾಗಾಗಿ ಕಣ ಅರ್ಧ ಹೊತ್ತು ದುಡಿಯುತ್ತದೆ, ಅರ್ಧ ಹೊತ್ತು ಸುಮ್ಮನಿರುತ್ತದೆ.

ಬೀಜದ ಮೇಲೆ ಬೇರೊಂದು ಮಾನೋಮರನ್ನು ನಿಧಾನವಾಗಿ ಹನಿಸಿದರೆ ತಿರುಳು–ಕವಚ ರಚನೆಯ ಸಂಯುಕ್ತ ಕಣ ಸಾಧ್ಯ. ಸರ್ಫ್ಯಾಕ್ಟಂಟ್ ಮಿತಿಮೀರಿದರೆ ಹೊಸ ಕಣಗಳು ಹುಟ್ಟಿ ಲೆಕ್ಕ ಕೆಡುತ್ತದೆ. ಸಂಯುಕ್ತ ಕಣಕ್ಕೆ ಒಂದು ಉದಾಹರಣೆ: ಹೆಲ್ಮೆಟ್‌ಗಳಲ್ಲಿ ಬಳಸುವ ಎಬಿಎಸ್ ಪ್ಲಾಸ್ಟಿಕನ್ನು ಎಮಲ್ಷನ್ ವಿಧಾನದಲ್ಲಿ ತಯಾರಿಸುವಾಗ ಬೀಜ ಪಾಲಿಬ್ಯುಟಾಡೈಯೀನ್. ಅದರ ಮೇಲೆ ಬೆಳೆಯುವುದು ಸ್ಟೈರೀನ್ ಮತ್ತು ಅಕ್ರಿಲೋನೈಟ್ರೈಲ್.